ಹಾಲೋ, ಆಲೋ

ಜೂನ್ 11, ಬುಧವಾರ

ಎರಡು ಬ್ಲೌಸ್‌ಗೆ ಹುಕ್ ಹಾಕಿ ಮುಗಿಸಿದೆ. ಅಷ್ಟರಲ್ಲಿ ಯಜಮಾನರು ಮೊಬೈಲ್‌ಗೆ ಏನೋ ಹೇಳಿ ಮುಂದೆ ಹಿಡಿದರು. ಮಾತನ್ನು ಅಕ್ಷರ ಮಾಡುವ ಆ್ಯಪ್, ಮಗಳು ಪ್ರತಿಭಾ ಹಾಕಿಕೊಟ್ಟದ್ದು. ‘ಆಲೂ ತಗೊಂಡು ಬಾ’ ಅಂತ ಇತ್ತು. ಹೋಗಿ ಒಂದು ಕೆಜಿ ತಂದುಕೊಟ್ಟೆ. ಹಣೆ ಚಚ್ಚಿಕೊಂಡು ಕಾಫಿ ಪಾತ್ರೆ ತೋರಿಸಿದರು. ಬೇಕಿದ್ದದ್ದು ಹಾಲಂತೆ. ಇವರ ಬಾಯಲ್ಲಿ ಹಾಲು ಯಾವತ್ತು ಹಾಲಾಗಿತ್ತು? ಮದುವೆಯಾದಾಗಿನಿಂದ ಆಲೇ. ಮೊಬೈಲ್‌ಗೆ ಪಾಪ ಹೊಸತು. ಸಂಜೆ ಆಲೂಗಡ್ಡೆ ಪಲ್ಯ, ಇಬ್ಬರೂ ನಕ್ಕುಕೊಂಡೇ ತಿಂದೆವು.

ಜೂನ್ 12

ಕನಸು. ಮೊಮ್ಮಗಳು ತೇಜು ಲೋಟ ಹಿಡಿದು ನಿಂತಿದ್ದಳು. ‘ಅಜ್ಜೀ, ಆಲು’ ಅಂದಳು. ಕೇಳಿಸಿತು — ಸ್ವಲ್ಪ ಗೊಗ್ಗರು ದನಿ.

ಕಿವಿ ಹೋಗಿ ನಾಲ್ಕು ವರ್ಷ. ಜ್ವರ ಹೋಗುವಾಗ ಶಬ್ದವನ್ನೂ ಕರೆದುಕೊಂಡು ಹೋಯಿತು. ತೇಜು ಹುಟ್ಟಿದ್ದು ಆಮೇಲೆ. ಅವಳ ದನಿ ನಾನು ಕೇಳಿಯೇ ಇಲ್ಲ. ಹಾಗಾದರೆ ಕೇಳಿದ್ದು ಯಾರದು? ಅವಳದೇ ಆಗಿದ್ದರೆ... ಗೊತ್ತಾಗಲೇಬೇಕು. ಇಷ್ಟು ಆಸೆ ಬೇರೆ ಯಾವುದಕ್ಕೂ ಪಟ್ಟಿಲ್ಲ.

ಜೂನ್ 16, ಹಾಸನ

ಕನಸಿನಲ್ಲಿ ದನಿ ಕೇಳಿಸಿತು ಅಂದದ್ದಕ್ಕೆ ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆಗೆ ಮಧ್ಯಾಹ್ನವೇ ಮಲಗಿಸಿದರು. ತಲೆ ತುಂಬ ವೈರು, ಕೂದಲೆಲ್ಲ ಅಂಟು. ಆದರೂ ಸುಖವಾಗಿ ನಿದ್ದೆ ಬಂತು. ಎದ್ದ ಮೇಲೆ ಡಾಕ್ಟರ್ ರಜನೀಶ್ ಬರೆದು ತೋರಿಸಿದರು: ‘ಕಿವಿಯಿಂದ ಸುದ್ದಿ ಬರದಿದ್ದರೂ ಮಿದುಳಿನ ಆ ಭಾಗ ಸುಮ್ಮನಿರಲ್ಲ ಅಮ್ಮ. ನಿದ್ದೆಯಲ್ಲಿ ಅದರ ಅಲೆಗಳು ಬೇರೆ ತರ ಆಗಬಹುದು. ಹಳೆಯ ದನಿಗಳಿಂದ ಕನಸು ಕಟ್ಟಿಕೊಂಡಿರಬಹುದು.’

ಮೊಮ್ಮಗಳದು ಹಳೆಯ ದನಿಯಲ್ಲವಲ್ಲ ಅಂದೆ. ‘ಅದು ಯಂತ್ರದಲ್ಲಿ ಕಾಣಲ್ಲ’ ಅಂತ ಬರೆದು ನಕ್ಕರು. ಒಳ್ಳೆಯ ಹುಡುಗ.

ಜೂನ್ 22, ಭಾನುವಾರ

ಚನ್ನರಾಯಪಟ್ಟಣದಿಂದ ಪ್ರತಿಭಾ, ತೇಜು ಬಂದರು. ಮಗು ಹಾಲು ಅನ್ನುತ್ತಾಳೋ ಆಲು ಅನ್ನುತ್ತಾಳೋ ಅಂತ ಕೇಳಿದೆ. ಅಪ್ಪ ಮಗಳಿಗೆ ಜಗಳವೇ ಹತ್ತಿಕೊಂಡಿತು.

‘ನಮ್ಮಂಗೇ ಕಣೇ, ಆಲು ಅಂತಾಳೆ.’ (ಮೊಬೈಲ್ ಬರೆದದ್ದನ್ನು ಯಜಮಾನರ ಮಾತಿನ ಧಾಟಿಗೆ ಬದಲಾಯಿಸಿ ಓದಿಕೊಂಡೆ.)

‘ಇಲ್ಲಮ್ಮ, ಸ್ಪಷ್ಟವಾಗಿ ಹಾಲು ಅಂತಾಳೆ. ನಾನೇ ಕಲಿಸಿದ್ದೀನಿ.’ ಇವಳು ಸ್ಕೂಲ್ ಟೀಚರ್, ಬಿಡುತ್ತಾಳೆಯೇ?

ಇಬ್ಬರನ್ನೂ ನಂಬುವ ಹಾಗಿಲ್ಲ. ತುಟಿ ನೋಡಿದರೆ ಎರಡೂ ಒಂದೇ. ತೇಜು ಮುಂದೆ ಮೊಬೈಲ್ ಹಿಡಿದರೆ ಕಿತ್ತುಕೊಂಡು ಕಾರ್ಟೂನ್ ಹುಡುಕಿದಳು. ಮತ್ತೆ ಮತ್ತೆ ಹೇಳಿಸಲು ಹೋದದ್ದಕ್ಕೆ ಬಾಯಿ ಬಿಗಿದು ಕೂತಳು. ಬೇಜಾರಾಯಿತು.

ಜುಲೈ 6, ಭಾನುವಾರ

ಪ್ರತಿಭಾ ತನ್ನ ಸ್ಕೂಲಿನ ಉಪಾಯ ತೋರಿಸಿದಳು. ನನ್ನ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು ‘ಹಾಲು’ ಅಂದಳು — ಬೆಚ್ಚಗೆ ಗಾಳಿ ತಗುಲಿತು. ‘ಆಲು’ — ಏನೂ ಇಲ್ಲ. ಇದು ಮೊದಲೇ ಹೊಳೆಯಬಾರದಿತ್ತೇ.

ಸುಮ್ಮನೆ ಕಾದೆ. ತೇಜು ತಾನಾಗಿಯೇ ಲೋಟ ಹಿಡಿದು ಬಂದಳು. ಅಂಗೈ ಒಡ್ಡಿದೆ. ತುಟಿ ಆಡಿತು. ಗಾಳಿ ಬರಲಿಲ್ಲ.

ಯಜಮಾನರು ಕುಣಿದೇಬಿಟ್ಟರು. ಪ್ರತಿಭಾ ಮುಖ ಸಪ್ಪೆ ಮಾಡಿಕೊಂಡಳು. ನನಗೆ ಕಣ್ಣು ತುಂಬಿತು, ಎಷ್ಟು ಖುಷಿ ಅಂತ ಹೇಳಲಾರೆ. ಮಗುವಿಗೆ ಹಾಲು ಕೊಟ್ಟು, ದನಿ ಹೇಗಿದೆ, ಗೊಗ್ಗರಾ ಅಂತ ಕೇಳಿದೆ. ಆ ಮಾತು ಇದುವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.

ಪ್ರತಿಭಾ ನನ್ನನ್ನೇ ನೋಡಿದಳು. ಆಮೇಲೆ ಮೊಬೈಲ್ ಹಿಡಿದಳು: ‘ಹೌದಮ್ಮ, ಸ್ವಲ್ಪ ಗೊಗ್ಗರೇ. ನಿಂಗೆ ಯಾರು ಹೇಳಿದ್ರು?’

ಯಾರು ಅಂತ ಹೇಳಲಿ. ಅವಳೇ ಕಣೇ, ನಿದ್ದೆಯಲ್ಲಿ ಬಂದು—