ಸ್ಪ್ರಿಂಗ್ ತಗ್ಗಲಿಲ್ಲ

ಬುಧವಾರ, ಜುಲೈ ೯

ಯಜಮಾನರ ಹಠದ ಮುಂದೆ ಇವತ್ತೂ ನನ್ನ ಆಟ ನಡೆಯಲಿಲ್ಲ. ಬೆನ್ನು ನೋವು ಎನ್ನುತ್ತಾರೆ, ಊಟ ಸೇರುವುದಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ಗೋಗರೆದರೆ, "ನನಗೇನಾಗಿದೆ? ವಯಸ್ಸಾಗಿರೋದು ಬೈಕಿಗೆ, ಅದು ಬೆನ್ನಿಗೆ ಗುದ್ದುತ್ತೆ" ಎಂದು ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ತೆಗೆಸಿ, ಹೊಸದು, ಒಳ್ಳೆಯದೇ ಹಾಕಿಸಿದರು.

ಹಾಕಿದ ಮೇಲೆ ಮೆಕ್ಯಾನಿಕ್ ಇವರನ್ನು ಸೀಟಿನ ಮೇಲೆ ಕೂರಿಸಿ, ಸ್ಪ್ರಿಂಗ್ ಎಷ್ಟು ತಗ್ಗುತ್ತದೆ ಎಂದು ಬಗ್ಗಿ ನೋಡಿದ. ಅದು ಮಿಸುಕಲೇ ಇಲ್ಲ.

"ಅಣ್ಣ, ಪೂರ್ತಿ ಭಾರ ಬಿಟ್ಟು ಕೂತ್ಕೊಳ್ಳಿ."

"ಕೂತೇ ಇದ್ದೀನಲ್ಲಪ್ಪ. ಇನ್ನೇನು ಮಲಗಲಾ?"

ಅವನು ನಕ್ಕ. ಆಮೇಲೆ ಇವರ ಭುಜ, ಸೊಂಟದಲ್ಲಿ ನಿಲ್ಲದ ಬೆಲ್ಟು ನೋಡಿದ. "ಹೋದ ವರ್ಷದ ಮೈ ನೆನಪಲ್ಲಿಟ್ಟುಕೊಂಡು ಸ್ಪ್ರಿಂಗ್ ಬಿಗಿ ಮಾಡಿದ್ದೆ, ಅಕ್ಕ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದ. ತಿರುಗಿಸಿ ತಿರುಗಿಸಿ ಪೂರ್ತಿ ಸಡಿಲ ಮಾಡಿದ. ಆಗ ಒಂಚೂರು ತಗ್ಗಿತು.

ಮನೆ ಮುಟ್ಟುವವರೆಗೂ ಇವರಿಗೆ ಖುಷಿಯೋ ಖುಷಿ. "ನೋಡಿದ್ಯಾ, ಹೂವಿನ ಮೇಲೆ ಹೋದ ಹಾಗಿದೆ. ಇನ್ನು ಆ ಡಾಕ್ಟರ್ ಮಾತು ಎತ್ತಬೇಡ" ಎಂದರು. ಹಿಂದೆ ಕೂತು ಸೊಂಟ ಹಿಡಿದಿದ್ದೆ. ಅಂಗಿಯೊಳಗಿನ ಮೂಳೆ ಕೈಗೆ ಸಿಗುತ್ತಿತ್ತು. ಹೂಂ ಎಂದೆ.

ರಾತ್ರಿ ದೇವರ ಮುಂದೆ ಕೂತೆ. ತಂದೆ, ನೀನು ಎಲ್ಲ ಬಲ್ಲವನು. ಇವರು ನನ್ನ ಮಾತು ಕೇಳದಿದ್ದರೆ ಹೋಗಲಿ, ನೀನಾದರೂ ಇವರಿಗೆ...

ಬೆಳಿಗ್ಗೆ ಬೇಗ ಎಬ್ಬಿಸು ಎಂದಿದ್ದಾರೆ. ಹೊಸ ಶಾಕ್ ಅಬ್ಸಾರ್ಬರ್‌ನಲ್ಲಿ ದೂರ ಒಂದು ಸುತ್ತು ಹೋಗಬೇಕಂತೆ. ನಾನೂ ಬರಬೇಕಂತೆ.