ಮೂರು ಬಣ್ಣದ ಡ್ರಮ್ ಸೆಟ್

ನವಲಗುಂದ
೯ ಜನವರಿ ೨೦೨೬

ಗೆಳೆಯ ರಮಜಾನ್‌ಗೆ,

ಸಂಗನಬಸವನ ನಮಸ್ಕಾರ. ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಒಗೆಯುವುದಿದ್ದರೆ ಪೂರ್ತಿ ಓದಿದ ಮೇಲೆ ಒಗೆ. ತಡವಾಗಿದೆ, ಒಪ್ಪುತ್ತೇನೆ. ಈ ಇಪ್ಪತ್ತಾರಕ್ಕೆ ಸರಿಯಾಗಿ ಹದಿನಾರು ವರ್ಷ. ನಮ್ಮೂರಿಂದ ನಿನ್ನ ಕುಂದಗೋಳಕ್ಕೆ ಹುಬ್ಬಳ್ಳಿಯಲ್ಲಿ ಒಂದು ಬಸ್ಸು ಬದಲಿಸಿದರೆ ಸಾಕಿತ್ತು. ನಿನ್ನ ಮಗಳು ತಬಸುಮ್ ಫೋನ್ ನಂಬರನ್ನೂ ಕೊಟ್ಟಳು. ಎರಡು ಸಲ ಒತ್ತಿದೆ, ರಿಂಗ್ ಆಗುವ ಮೊದಲೇ ನಾನೇ ಕಟ್ ಮಾಡಿದೆ. ಮೂವತ್ತು ವರ್ಷ ಮನೆ ಮನೆಗೆ ಪೇಪರ್ ಹಾಕಿದವನು ನಾನು. ಬಾಯಿಮಾತಿಗಿಂತ ಬರೆದದ್ದರ ಮೇಲೆಯೇ ನನಗೆ ನಂಬಿಕೆ.

ದೊಡ್ಡ ಸುದ್ದಿ ಇದೆ. ಅದನ್ನು ಹೇಳಲು ಕೈ ಕುಣಿಯುತ್ತಿದೆ. ಆದರೂ ಕ್ರಮ ಬಿಟ್ಟು ಹೇಳಿದರೆ ನನ್ನ ತಪ್ಪು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

೧೯೮೭ರಲ್ಲಿ ಹುಬ್ಬಳ್ಳಿಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಮನೆಯಿಂದ ನಮ್ಮ ಆರ್ಕೆಸ್ಟ್ರಾಗೆ ಆ ವಿಲಾಯತಿ ಡ್ರಮ್ ಸೆಟ್ ತಂದೆವು. ಮೈಗೆಲ್ಲ ಮುತ್ತಿನ ಹೊಳಪಿನ ಬಿಳಿ ಹೊದಿಕೆ. ನೀನು ಬಾರಿಸುತ್ತಿದ್ದೆ, ಕುಬಿಹಾಳದ ಗುಡದಪ್ಪ ಹಾಡುತ್ತಿದ್ದ, ನಾನು ಮೈಕ್ ಹಿಡಿದು ಮಾತಾಡುತ್ತಿದ್ದೆ. ೧೯೯೬ರಲ್ಲಿ ಆರ್ಕೆಸ್ಟ್ರಾ ನಿಂತಾಗ ಡ್ರಮ್‌ಗಳನ್ನು ಹಂಚಿಕೊಂಡೆವು. ಕಾಲಿನಿಂದ ಬಾರಿಸುವ ದೊಡ್ಡದು ನನಗೆ, ಚಿಕ್ಕದು ಗುಡದಪ್ಪನಿಗೆ, ಮೂರು ಕಾಲಿನದು ನಿನಗೆ.

೨೦೧೦ರ ಜನವರಿ ಇಪ್ಪತ್ತಾರಕ್ಕೆ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಕೂಟಕ್ಕಾಗಿ ಮೂರನ್ನೂ ಮತ್ತೆ ಕೂಡಿಸಿದೆವು. ನನ್ನದು ಹಾಲಿನ ಬಣ್ಣ, ಗುಡದಪ್ಪನದು ಬೆಣ್ಣೆಯ ಬಣ್ಣ, ನೀನು ತಂದದ್ದು ಚಹಾದ ಬಣ್ಣ. ಮೈಕ್ ನನ್ನ ಕೈಯಲ್ಲಿತ್ತು. "ರಮಜಾನಾ, ನಮ್ಮ ಡ್ರಮ್ ಮಾರಿ ಗುಜರಿ ಅಂಗಡಿದು ತಂದ ಇಟ್ಟೀಯೇನಲೇ?" ಎಂದೆ. ಅಂಗಳವೆಲ್ಲ ನಕ್ಕಿತು. ನಾನು ನಗಿಸಲು ಹೇಳಿದ್ದಲ್ಲ, ನಂಬಿಯೇ ಹೇಳಿದ್ದೆ. ನೀನು ಕೋಲುಗಳನ್ನು ಡ್ರಮ್ ಮೇಲೆ ಇಟ್ಟು ನಡೆದುಬಿಟ್ಟೆ. ಅದೇ ವರ್ಷ ಊರನ್ನೂ ಬಿಟ್ಟೆ.

ಈಗ ಸುದ್ದಿ ಕೇಳು.

ನನ್ನ ಮಗಳು ಐಶ್ವರ್ಯಾ ಅದೇ ಹೈಸ್ಕೂಲಿನಲ್ಲಿ ಶಿಕ್ಷಕಿ. ಈ ಇಪ್ಪತ್ತಾರಕ್ಕೆ ಮತ್ತೆ ಕೂಟವಿದೆ. "ಅಪ್ಪಾ, ಅಟ್ಟದ ಮ್ಯಾಲಿನ ಡ್ರಮ್ ಇಳಸ್ರಿ" ಎಂದು ಬೆನ್ನು ಹತ್ತಿದಳು. ನೀನು ಬಿಟ್ಟುಹೋದದ್ದೂ ನನ್ನ ಅಟ್ಟದಲ್ಲೇ ಇತ್ತು. ಗುಡದಪ್ಪ ತನ್ನದನ್ನು ಕೌದಿಯಲ್ಲಿ ಸುತ್ತಿ ಮೋಟರ್‌ಸೈಕಲ್ ಮೇಲೆ ತಂದ. ಮೂರನ್ನೂ ಕಟ್ಟೆಯ ಮೇಲೆ ಇಟ್ಟಾಗ ನನ್ನ ಹೆಂಡತಿ ಮಲ್ಲಕ್ಕ ಒಳಗಿಂದಲೇ ಕೇಳಿದಳು: "ಈ ವಯಸ್ಸಿನ್ಯಾಗ ಇದನ್ನ ಬಡದು ಯಾರನ್ನ ಎಬ್ಬಸ್ತೀರಿ? ಓಣಿ ನಾಯಿ ಮೊದಲ ಎದ್ದ ಕುಂತಾವ."

ಬಣ್ಣ ಮೂರು ತರಹ ಇದ್ದರೆ ಚೆಂದ ಕಾಣುವುದಿಲ್ಲ, ಎಲ್ಲಕ್ಕೂ ಒಂದೇ ಕೆಂಪು ಹೊಡೆಸೋಣ ಎಂದು ಟ್ರ್ಯಾಕ್ಟರ್‌ಗಳಿಗೆ ಬಣ್ಣ ಹೊಡೆಯುವ ಪ್ರತಾಪನ ಶೆಡ್ಡಿಗೆ ಒಯ್ದೆವು. ಡಬ್ಬಿಯ ಮುಚ್ಚಳ ತೆಗೆದೂ ಆಗಿತ್ತು. ಪ್ರತಾಪ ತಡೆದ.

"ಕಾಕಾ, ಹಂಗ ಮ್ಯಾಲಿಂದ ಮ್ಯಾಲೆ ಹೊಡದ್ರ ನಿಲ್ಲಂಗಿಲ್ರಿ. ಮೊದಲ ಈ ಕಿವಿ ಬಿಚ್ಚೂಣು."

ಡ್ರಮ್ ಬಿಗಿ ಮಾಡುವ ತಿರುಪುಗಳು ಕೂರುವ ಲೋಹದ ತುಂಡುಗಳಿಗೆ ಅವನು ಕಿವಿ ಎಂದ. ನಿನ್ನ ಡ್ರಮ್ಮಿನ ಸುತ್ತ ಅಂಥವು ಎಂಟು. ಮೊದಲನೆಯದನ್ನು ಬಿಚ್ಚಿದವನು ಆ ಜಾಗವನ್ನು ಬೆರಳಿನಿಂದ ಒರೆಸಿದ.

"ಕಾಕಾ, ಇಲ್ಲಿ ಬರ್ರಿ."

"ಏನಾತಪಾ?"

"ಇದರ ಅಡ್ಯಾಗ ಬ್ಯಾರೆ ಬಣ್ಣ ಐತ್ರಿ. ಬೆಳ್ಳಗ, ಅಗದಿ ಹಾಲಿನಂಗ."

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ರಮಜಾನ್, ಎರಡು ಬೆರಳಗಲದ ಬಿಳುಪು! ಮುತ್ತಿನ ಹೊಳಪು, ಮೋಡದಂಥ ಎಳೆಗಳು, ಎಲ್ಲ ೧೯೮೭ರಲ್ಲಿ ಇದ್ದ ಹಾಗೆಯೇ. ಎಂಟೂ ಬಿಚ್ಚಿಸಿದೆ. ಎಂಟೂ ಕಡೆ ಬಿಳುಪು. ಗುಡದಪ್ಪನ ಡ್ರಮ್ಮಿನ ಕಿವಿ ಬಿಚ್ಚಿಸಿದೆ, ಅದೇ ಬಿಳುಪು. ಅಷ್ಟಕ್ಕೂ ಒಪ್ಪದೆ ಅವನ ಕಿವಿಯನ್ನು ನಿನ್ನ ಡ್ರಮ್ಮಿಗೆ ಹಿಡಿದು ನೋಡಿದೆ. ತಿರುಪಿನ ಎರಡೂ ತೂತು ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂತವು. ಶೆಡ್ಡಿನಲ್ಲಿ ನಾನು ಕೂಗಿದ್ದಕ್ಕೆ ಎದುರಿನ ಚಹಾದಂಗಡಿಯವರು ಏನೋ ಅಪಘಾತವೆಂದು ಓಡಿಬಂದರು.

ಗುಡದಪ್ಪ ಮಾತ್ರ ಕೂಗಲಿಲ್ಲ. ನನ್ನ ಮುಖ ನೋಡಿ ಹೇಳಿದ: "ಲೇ ಸಂಗ್ಯಾ, ಮೂರೂ ಒಂದ ತಾಯಿ ಮಕ್ಕಳಲೇ. ನಂದು ಕಿಡಕಿ ಬಿಸಲಾಗ ನಿಂತಿತ್ತು. ರಮಜಾನಂದು ಹೊಗಿಯಾಗ ನಿಂತಿತ್ತು. ನಿಂದೊಂದು ಪೆಟ್ಟಿಗ್ಯಾಗ ಕೌದಿ ಹೊತ್ಕೊಂಡು ಮಲಗಿತ್ತು. ಮಲಗಿದಾಂವ ಎದ್ದು ಬಂದು ನಿಂತಾವ್ನ ಬಣ್ಣಕ್ಕ ಹೆಸರ ಇಟ್ಟಾ ನೋಡು."



ಪ್ರತಾಪ ಕಾರಿಗೆ ತಿಕ್ಕುವ ಪಾಲಿಶ್ ಹಚ್ಚಿ ನಿನ್ನ ಡ್ರಮ್ಮನ್ನು ಒಂದು ಅಂಗೈಯಗಲ ತಿಕ್ಕಿದ. ಅರಿವೆ ಕಂದಾಯಿತು. ಮೂಸಿ ನೋಡಿದೆ. ಹತ್ತಿಕಟ್ಟಿಗೆಯ ಹೊಗೆ, ಕುಸುಬಿ ಎಣ್ಣೆಯ ಒಗ್ಗರಣೆ. ತಾಲೀಮು ಮುಗಿದ ಮೇಲೆ ನಿಮ್ಮ ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿ ತಿಂದದ್ದು ಮೂಗಿನಲ್ಲೇ ಎದ್ದು ಬಂತು. ಎಷ್ಟು ತಿಕ್ಕಿದರೂ ಪೂರ್ತಿ ಬೆಳ್ಳಗಾಗುವುದಿಲ್ಲವಂತೆ, ಹಳದಿ ಬಣ್ಣ ಹೊದಿಕೆಯ ಒಳಗೇ ಇಳಿದಿದೆಯಂತೆ. "ಹಂಗಾರ ಕೆಂಪ ಹೊಡೀಲೇನ್ರಿ?" ಎಂದ. "ಒಂದ ಹನಿನೂ ಬ್ಯಾಡ" ಎಂದೆ.

ಹಾಲು, ಬೆಣ್ಣೆ, ಚಹಾ, ಮೂರು ಬಣ್ಣವೂ ಹಾಗೆಯೇ ಇರುತ್ತವೆ. ಮೂರು ದಿನದಿಂದ ಊಟದ ಹೊತ್ತೂ ನೆನಪಿಲ್ಲದೆ ಕೆಲಸ ನಡೆದಿದೆ. ತುಕ್ಕು ಹಿಡಿದ ತಿರುಪುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆವು. ಡ್ರಮ್ಮಿನ ಬಾಯಿಗೆ ಬಿಗಿಯುವ ಹೊಸ ಹಾಳೆಗಳನ್ನು ಐಶ್ವರ್ಯಾ ಧಾರವಾಡದಿಂದ ತಂದಳು. ನಿನ್ನೆ ಸಂಜೆ ದೊಡ್ಡದನ್ನು ಒಮ್ಮೆ ಒದ್ದೆ. ಮಲ್ಲಕ್ಕನ ಗೋಡೆಯ ಮಾಡದೊಳಗಿನ ಚಹಾದ ಕಪ್ಪು-ಬಸಿಗಳೆಲ್ಲ ಗಿಲಿಗಿಲಿ ಎಂದವು. ಬೈಯುತ್ತಾಳೆಂದುಕೊಂಡರೆ, "ಇನ್ನೊಮ್ಮೆ ಒದೀರಿ, ನೋಡೂಣು" ಎಂದಳು!

ಉಳಿದದ್ದು ಎರಡೇ ಕೆಲಸ. ನಿನ್ನ ಡ್ರಮ್ಮಿನ ಹೊದಿಕೆ ಜೋಡಿನಲ್ಲಿ ಒಂದು ಗೇಣು ಎದ್ದು ಸೀಳಿದೆ. ಇಷ್ಟು ವರ್ಷ ರೆಕ್ಸಿನ್ ಸೀಟು ಹೊಲಿದು ಅಂಟಿಸಿದ ಕೈ ನಿನ್ನದು, ನಾವು ಮುಟ್ಟಿದರೆ ಕೆಡುತ್ತದೆ. ಎರಡನೆಯದು, ಎಂಟು ಕಿವಿಗಳಲ್ಲಿ ಏಳನ್ನೇ ಕೂರಿಸಿದ್ದೇನೆ. ಎಂಟನೆಯದರ ಜಾಗ ಬಿಳಿಯಾಗಿ ತೆರೆದಿದೆ. ಕೂಟಕ್ಕೆ ಬಂದವರೆಲ್ಲ ಅದನ್ನು ಕಣ್ಣಾರೆ ನೋಡಬೇಕು. ಆಮೇಲೆ ಅದನ್ನು ಕೂರಿಸುವವನು ನೀನು. ನೀನು ಬಾರದಿದ್ದರೆ ಅದು ತೆರೆದೇ ಇರುತ್ತದೆ, ಡ್ರಮ್ ಬಾರಿಸುವುದಿಲ್ಲ.

ಪೇಪರಿನಲ್ಲಿ ತಪ್ಪು ಸುದ್ದಿ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬರುತ್ತದೆ ಎಂದು ನೀನು ನನ್ನನ್ನು ಛೇಡಿಸುತ್ತಿದ್ದೆ. ನಾನು ಹಾಗೆ ಮಾಡುವುದಿಲ್ಲ. ಅದೇ ಅಂಗಳ, ಅದೇ ದಿನ, ಮೈಕ್ ನನ್ನ ಕೈಯಲ್ಲಿ. ರಮಜಾನ್ ತಂದದ್ದು ನಮ್ಮದೇ ಡ್ರಮ್ ಆಗಿತ್ತು, ಸುಳ್ಳು ಹೇಳಿದವನು ನಾನು ಎಂದು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಆದರೆ ಬಾ.

ದೊಡ್ಡ ಡ್ರಮ್ ಜಾರದಂತೆ ಕೆಳಗೆ ಹಾಸಲು ನಮ್ಮೂರ ಜಮಖಾನೆಯನ್ನೇ ತೆಗೆದಿಟ್ಟಿದ್ದೇನೆ, ನವಿಲಿನದು.

ನಿನ್ನ ಮನೆಯಾಕೆ ಶಹನಾಜ ತಂಗಿಗೆ ನನ್ನ, ಮಲ್ಲಕ್ಕನ ನೆನಪು ಹೇಳು. ತಬಸುಮ್‌ಗೂ ಅವಳ ಮಕ್ಕಳಿಗೂ ಆಶೀರ್ವಾದ. ನಿನ್ನ ಕೈಗೆ ಇನ್ನೂ ಬಹಳ ವರ್ಷ ಬಲವಿರಲಿ.

ನಿನ್ನ
ಸಂಗ್ಯಾ

ತಾ.ಕ.: ಕಾಗದ ಮಡಿಸಿದವನು ಮತ್ತೆ ಬಿಡಿಸಿದ್ದೇನೆ. ಮೇಲೆ ಬರೆದದ್ದೆಲ್ಲ ಸತ್ಯ, ಆದರೆ ಒಂದನ್ನು ಬಿಟ್ಟಿದ್ದೆ. ೨೦೧೦ರ ಆ ಕೂಟ ಮುಗಿದ ಎಂಟನೇ ದಿನ ನಿಮ್ಮ ಅಮ್ಮ ರಜಿಯಾಬಿ ಒಬ್ಬರೇ ನಮ್ಮ ಮನೆಗೆ ಬಂದಿದ್ದರು. "ಬೇಟಾ, ಮಳಿಗಾಲಕ್ಕ ಪಡಸಾಲಿ ಸೋರತಿತ್ತು. ತೋಯಬಾರದಂತ ನಾನ ಅದನ್ನ ಒಲಿ ಬಾಜೂಕ ಇಟ್ಟೆ. ಹದಿನಾಲ್ಕ ವರ್ಷದ ಹೊಗಿ ಅದು. ತಪ್ಪು ನಂದು, ಅಂವಂದಲ್ಲ" ಎಂದರು. ನಾನು ಪೇಪರಿನಿಂದ ತಲೆ ಎತ್ತದೆ "ಆತ ಬಿಡ್ರಿ ಅಮ್ಮಾ" ಎಂದೆ. ಮಗನನ್ನು ಉಳಿಸಲು ಹೇಳುತ್ತಿದ್ದಾರೆ ಎಂದುಕೊಂಡೆ. ಹೋಗುವಾಗ ಕಟ್ಟೆಯ ಮೇಲಿದ್ದ ಡ್ರಮ್ಮನ್ನು ಸೆರಗಿನಿಂದ ಒರೆಸಿ, "ನಾ ಬಂದಿದ್ದು ರಮಜಾನಗ ಹೇಳಬ್ಯಾಡ, ನೊಂದ್ಕೋತಾನ" ಎಂದರು. ಅವರ ಮಾತುಗಳಲ್ಲಿ ಅದೊಂದನ್ನೇ ನಾನು ನಡೆಸಿಕೊಟ್ಟೆ, ಅದು ನನಗೂ ಅನುಕೂಲವಾಗಿತ್ತು. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಕುಂದಗೋಳದ ತನಕ ಬಂದು, ನಿಮ್ಮ ಓಣಿಯ ಬಾಯಲ್ಲಿ ನಿಂತು ವಾಪಸ್ ಹೋದೆ. ಇವತ್ತು ಆ ಮಾತನ್ನೂ ಮುರಿದಿದ್ದೇನೆ. ಇಪ್ಪತ್ತಾರಕ್ಕೆ ಮೈಕಿನಲ್ಲಿ ಅಮ್ಮನ ಹೆಸರನ್ನೂ ಹೇಳಬೇಕೆಂದಿದ್ದೇನೆ. ಅದಕ್ಕೆ ಮಾತ್ರ ನೀನು ಹೂಂ ಅನ್ನಬೇಕು.