ನಲವತ್ತೊಂದನೇ ಪುಟದ ಕೆಂಪು ಸಾಲು

ತಿ. ನರಸೀಪುರ
12 ಆಗಸ್ಟ್ 2025

ನಂಜುಂಡಸ್ವಾಮಿಯವರಿಗೆ,

ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲ ಎಂದು ಗೊತ್ತಾಯಿತು, ಸಂತೋಷ. ಗುರುವಾರದಿಂದ ಕಾಲೇಜಿನ ಕಡೆ ತಲೆ ಹಾಕಿಲ್ಲವಂತೆ, ಊಟ ಸೇರುತ್ತಿಲ್ಲವಂತೆ. "ಅರವತ್ತು ಮಕ್ಕಳ ಮುಂದೆ ಗಂಡನ ಮಾನ ಕಳೆದೆಯಲ್ಲ, ನಾನು ನಿನಗೇನು ಮಾಡಿದ್ದೆ" ಎಂದು ಮೆಸೇಜು ಕಳಿಸಿದ್ದೀರಿ. ಮೊಬೈಲಿನಲ್ಲಿ ಉತ್ತರ ಕೊಟ್ಟರೆ ಅಳಿಸಿಬಿಡುತ್ತೀರಿ. ಅಳಿಸುವುದರಲ್ಲಿ ನಿಮ್ಮ ಕೈ ಪಳಗಿದೆ. ಅದಕ್ಕೇ ಕಾಗದದಲ್ಲಿ ಬರೆದು ರಿಜಿಸ್ಟರ್ ಮಾಡುತ್ತಿದ್ದೇನೆ.

ಏನು ಮಾಡಿದಿರಿ ಎಂದು ಮೊದಲಿಂದಲೇ ಹೇಳುತ್ತೇನೆ. ನಂಜನಗೂಡಿನ ನಿಮ್ಮ ನರ್ಸಿಂಗ್ ಕಾಲೇಜಿನಲ್ಲಿ ನಾನು ಶರೀರಶಾಸ್ತ್ರ ಹೇಳಿಕೊಡುತ್ತಿದ್ದ ಕಾಲ. ಮಧ್ಯಾಹ್ನ ಎರಡರ ಪೀರಿಯಡ್ಡಿನಲ್ಲಿ ಹುಡುಗಿಯರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಬೈದೆ, ಎಬ್ಬಿಸಿ ನಿಲ್ಲಿಸಿದೆ, ಏನೂ ನಡೆಯಲಿಲ್ಲ. ಒಂದು ದಿನ ಡಬ್ ಆದ ವಿಜ್ಞಾನ ಸಿನಿಮಾ ಹಾಕಿದೆ. ಮಂಗಳಗ್ರಹಕ್ಕೆ ಹೊರಟ ಹಡಗಿನಲ್ಲಿ ಎರಡು ನಿಮಿಷಕ್ಕೆ ಲಸಿಕೆ ತಯಾರಾಗುತ್ತದೆ, ಒಬ್ಬನ ಕುತ್ತಿಗೆಯಲ್ಲಿ ಸಂಜೆಯೊಳಗೆ ಮೀನಿನ ಕಿವಿರು ಬೆಳೆಯುತ್ತದೆ. ದೇಹದ ಬಗ್ಗೆ ಸಿನಿಮಾ ಸುಳ್ಳು ಹೇಳಿದ ಕೂಡಲೇ ಡ್ರೆಸಿಂಗ್ ಟ್ರೇಯನ್ನು ಚಿಮಟದಿಂದ ಬಡಿಯಬೇಕು, ಬಡಿದವಳು ಎದ್ದು ನಿಜ ಏನೆಂದು ಹೇಳಬೇಕು ಎಂದು ನಿಯಮ ಮಾಡಿದೆ. ಆ ದಿನ ಯಾರೂ ನಿದ್ದೆ ಮಾಡಲಿಲ್ಲ. ವಾರದೊಳಗೆ ನಾನು "ಟ್ರೇ ಮೇಡಂ" ಆದೆ. ಗಲಾಟೆ ಜಾಸ್ತಿಯಾಯಿತೆಂದು ನೀವು ನನಗೆ ನೋಟಿಸು ಕೊಟ್ಟಿರಿ, ನೆನಪಿದೆಯೇ? ಮನೆಯಲ್ಲಿ ಪಕ್ಕದಲ್ಲೇ ಕೂತು ಉಣ್ಣುವ ಹೆಂಡತಿಗೆ ಲೆಟರ್‌ಹೆಡ್ಡಿನಲ್ಲಿ ನೋಟಿಸು.

ಐದು ವರ್ಷ ಒಂದೊಂದು ಸಿನಿಮಾ ನೋಡಿ ನೋಟ್ಸ್ ಬರೆದೆ. ಸಿನಿಮಾ ಹೇಳುವ ಸುಳ್ಳು ಕೆಂಪು ಶಾಯಿಯಲ್ಲಿ, ಅದರ ಕೆಳಗೆ ದೇಹದ ನಿಜ ನೀಲಿಯಲ್ಲಿ. ಬೇರೆ ಗುರುತು ಏನೂ ಹಾಕುತ್ತಿರಲಿಲ್ಲ, ಬಣ್ಣವೇ ಗುರುತು. ನೀವು ಆ ಪುಸ್ತಕವನ್ನು ನನ್ನ ಬೀರುವಿನಿಂದ ತೆಗೆದು, ಜೆರಾಕ್ಸ್ ಮಾಡಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಸೀರೆಯ ಕೆಳಗೆ ಇಟ್ಟಿರಿ. ಜೆರಾಕ್ಸಿನಲ್ಲಿ ಎಲ್ಲ ಸಾಲೂ ಕಪ್ಪು. ಕಿವಿರು ಬೆಳೆಯುವುದು ಸುಳ್ಳು ಎಂದು ಆಸ್ಪತ್ರೆ ಆಡಳಿತ ಓದಿದ ನಿಮಗೂ ಗೊತ್ತಾಯಿತು. ಆದರೆ ಹಡಗಿನ ಕ್ಯಾಪ್ಟನ್ನಿನ ಹೃದಯ ನಿಂತು, ಪರದೆಯ ಮೇಲೆ ಗೆರೆ ನೇರವಾಗಿ, ನಾಯಕಿ ಕರೆಂಟ್ ಶಾಕ್ ಕೊಟ್ಟು, ಅವನು ಎದ್ದು ಕೂತು ಅವಳ ಹೆಸರು ಕರೆಯುವುದು ನಿಮಗೆ ಸುಳ್ಳು ಅನ್ನಿಸಲಿಲ್ಲ. ಎಲ್ಲ ಸಿನಿಮಾದಲ್ಲೂ ಹಾಗೇ ತಾನೇ. "ಗೆರೆ ನೇರವಾದ ತಕ್ಷಣ ಶಾಕ್ ಕೊಡಬೇಕು" ಎಂಬ ಕೆಂಪು ಸಾಲನ್ನು ನಿಜವೆಂದು ಅಚ್ಚು ಹಾಕಿಸಿದಿರಿ. ಶಾಕ್ ಕೊಡುವುದು ತಾಳ ತಪ್ಪಿ ನಡುಗುವ ಹೃದಯಕ್ಕೆ. ನಿಂತೇಹೋದ ಹೃದಯಕ್ಕೆ ಎದೆ ಒತ್ತಬೇಕು, ಕೈ ತೆಗೆಯಬಾರದು ಎಂಬ ನನ್ನ ನೀಲಿ ಸಾಲನ್ನು ಸಿನಿಮಾದ ತಪ್ಪುಗಳ ಪಟ್ಟಿಗೆ ಸೇರಿಸಿದಿರಿ. ನಲವತ್ತೊಂದನೇ ಪುಟ.

ಕಳೆದ ವರ್ಷ ಫೆಬ್ರುವರಿಯಲ್ಲಿ ಪುಸ್ತಕ ಬಿಡುಗಡೆಯಾಯಿತು. ಲೇಖಕರು ನೀವು. ಹೊಗಳಿದ ದೊಡ್ಡವರು ಯಾರೂ ಒಳಗೆ ಓದಿರಲಿಲ್ಲ. ನಾನು ಎರಡನೇ ಸಾಲಿನಲ್ಲಿ ಕೂತು ಮೊದಲ ಪುಟ ತೆರೆದೆ. "ಬರೆಯುವಾಗ ಚಹಾ ಮಾಡಿಕೊಟ್ಟ ಪತ್ನಿ ಭಾನುಪ್ರಿಯಾಗೆ ಕೃತಜ್ಞತೆ." ಅಷ್ಟು ಓದಿದ ಮೇಲೆ ಮುಂದಿನ ಪುಟ ನಾನು ತಿರುವಲಿಲ್ಲ. ತಿಂಗಳೊಳಗೆ ಇಲ್ಲಿನ ನರ್ಸಿಂಗ್ ಕಾಲೇಜಿನಲ್ಲಿ ಕೆಲಸ ಹುಡುಕಿಕೊಂಡೆ, ಒಂದು ಸೂಟ್‌ಕೇಸು ಹಿಡಿದು ಬಸ್ಸು ಹತ್ತಿದೆ. ನೀವು ಎಲ್ಲರಿಗೂ ನನಗೆ ಆರೋಗ್ಯ ಸರಿಯಿಲ್ಲ ಎಂದಿರಿ. ಅದಕ್ಕೂ ನಾನು ಸುಮ್ಮನಿದ್ದೆ.

ಈ ಜೂನಿನಲ್ಲಿ ಕವಲಂದೆಯ ಕರಿಯಯ್ಯ ಮಗಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದರು. ಗಾರೆ ಕೆಲಸದ ಮನುಷ್ಯ, ಸಿಮೆಂಟು ಹತ್ತಿದ ಕೈಯಲ್ಲಿ ಪೇಪರು ಸುತ್ತಿದ ಪುಸ್ತಕ. ಮಗಳು ಧನುಶ್ರೀ ನಿಮ್ಮ ಕಾಲೇಜಿನ ಎರಡನೇ ವರ್ಷದವಳು. ನಾನು ಬಿಟ್ಟ ಮೇಲೆ ಸೇರಿದವಳು, ಸೀನಿಯರ್‌ಗಳಿಂದ ಟ್ರೇ ಮೇಡಂ ಹೆಸರು ಕೇಳಿದ್ದಳಂತೆ. ಕರಿಯಯ್ಯ ಕೂರಲೂ ಇಲ್ಲ. "ಮೇಡಮ್ಮೋರೇ, ಈ ಪುಸ್ತಕ ನಂಗೆ ಓದಕ್ ಬರಕಿಲ್ಲ. ನನ್ ಮಗ್ಳು ಓದವ್ಳೆ, ಅದ್ರಲ್ಲಿ ಇದ್ದಂಗೇ ಮಾಡವ್ಳೆ. ಈಗ ನೋಡುದ್ರೆ ಅವ್ಳೇ ಆಳ್ ಕೊಂದ್ಳು ಅಂತಾರಲ್ಲ, ಇದೆಂಗೆ?" ಎಂದರು.

ಹೇಗೆ ಎಂದು ಧನುಶ್ರೀ ಹೇಳಿದಳು. ತರಬೇತಿಗೆ ಹಾಕಿದ್ದ ಆಸ್ಪತ್ರೆಯಲ್ಲಿ ಹುಲ್ಲಹಳ್ಳಿಯ ಸಿದ್ದಮಲ್ಲಪ್ಪ ಎಂಬ ಹಿರಿಯರ ಹೃದಯ ನಿಂತಿತು. ಡ್ಯೂಟಿ ಸಿಸ್ಟರ್ ಡಾಕ್ಟರನ್ನು ಕರೆಯಲು ಓಡಿದರು. ಈ ಹುಡುಗಿ ಎದೆ ಒತ್ತಲು ಶುರು ಮಾಡಿದ್ದವಳು, ಪರದೆ ನೋಡಿದಳು, ಗೆರೆ ನೇರವಿತ್ತು, ಪುಟ ನೆನಪಾಯಿತು. ಒತ್ತುವುದನ್ನು ಬಿಟ್ಟು ಶಾಕ್ ಯಂತ್ರ ತರಲು ಪಕ್ಕದ ವಾರ್ಡಿಗೆ ಓಡಿದಳು. ಅವರು ಹೇಗೂ ಬದುಕುತ್ತಿದ್ದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ಮೂರು ನಿಮಿಷ ಅವರ ಎದೆಯ ಮೇಲೆ ಯಾರ ಕೈಯೂ ಇರಲಿಲ್ಲ.

ನೀವು ಮಾಡಿದ್ದೇನು? ಲೈಬ್ರರಿಯ, ಮಕ್ಕಳ ಕೈಲಿದ್ದ ಪ್ರತಿಗಳನ್ನೆಲ್ಲ ತರಿಸಿಕೊಂಡಿರಿ. ಆ ಪುಟ ತಿದ್ದಿ ಹೊಸದಾಗಿ ಅಚ್ಚು ಹಾಕಿಸಿ, ಹಳೆಯ ತಾರೀಕನ್ನೇ ಉಳಿಸಿದಿರಿ. ಎದೆ ಒತ್ತುವ ಪ್ರಾಕ್ಟಿಕಲ್ ತರಗತಿ ತೆಗೆದು ಸಿನಿಮಾ ಇಟ್ಟಿದ್ದವರೂ ನೀವೇ, ಅದನ್ನು ಯಾರೂ ಕೇಳಲಿಲ್ಲ. "ಪುಸ್ತಕದಲ್ಲಿ ಸರಿಯಾಗಿಯೇ ಇದೆ, ವಿದ್ಯಾರ್ಥಿನಿ ಸಿನಿಮಾ ಹುಚ್ಚಿನಿಂದ ನಿರ್ಲಕ್ಷ್ಯ ತೋರಿದ್ದಾಳೆ" ಎಂದು ಅವಳನ್ನು ಸಸ್ಪೆಂಡ್ ಮಾಡಿದಿರಿ. ನನ್ನ ಐದು ವರ್ಷ ಕದ್ದಿರಿ, ಅದನ್ನು ನುಂಗಿಕೊಂಡೆ. ಹತ್ತೊಂಬತ್ತರ ಹುಡುಗಿಯ ತಲೆಗೆ ಒಂದು ಸಾವನ್ನು ಕಟ್ಟಿದಿರಲ್ಲ, ಅಂದೇ ನಿಮ್ಮನ್ನು ಬಿಡಬಾರದು ಎಂದುಕೊಂಡೆ.

ಗುರುವಾರದ ಕಾರ್ಯಾಗಾರಕ್ಕೆ ನಿಮ್ಮನ್ನು ಕರೆಸಿದ್ದು ನಮ್ಮ ಪ್ರಿನ್ಸಿಪಾಲರು ಎಂದು ತಿಳಿದಿದ್ದೀರಿ. ಹೆಸರು ಸೂಚಿಸಿದವಳು ನಾನು. ಶಾಲು, ಹಾರ, ಫ್ಲೆಕ್ಸು, ಎಲ್ಲ ನಾನೇ ಮುಂದೆ ನಿಂತು ಮಾಡಿಸಿದೆ. ಫ್ಲೆಕ್ಸಿನಲ್ಲಿ ನಿಮ್ಮ ಫೋಟೊ ಚೆನ್ನಾಗಿ ಬಂದಿತ್ತು. ಹಳೆಯ ನಲವತ್ತೊಂದನೇ ಪುಟ ಓದಿಸಿ ಮಕ್ಕಳಿಗೆ ಒಂದೇ ಮಾತು ಹೇಳಿದ್ದೆ: ಪರದೆಯ ಮೇಲೆ ಬಂದರೂ ಸರಿ, ವೇದಿಕೆಯ ಮೇಲೆ ಬಂದರೂ ಸರಿ, ಸುಳ್ಳು ಸುಳ್ಳೇ, ಟ್ರೇ ಬಡಿಯಿರಿ.

ಮುಡುಕುತೊರೆಯ ಬಿಂದುಶ್ರೀ ಎದ್ದು, "ಸಾ, ಗೆರೆ ನೇರ ಆದ್ರೆ ಶಾಕ್ ಕೊಡ್ಬೋದಾ ಸಾ?" ಎಂದು ಕೇಳಿದಳು. ಕೊಡಬಾರದು ಎಂದಿರಿ. "ನಿಮ್ ಪುಸ್ತಕ್ದಲ್ಲೂ ಅಂಗೇ ಐತಾ ಸಾ?" ಎಂದಳು. ಮೊದಲ ಮುದ್ರಣದಿಂದಲೂ ಹಾಗೇ ಇದೆ ಎಂದು ನಗುತ್ತಾ ಪುಸ್ತಕ ಎತ್ತಿ ತೋರಿಸಿದಿರಿ. ಆಗ ಒಂದು ಟ್ರೇ ಸದ್ದಾಯಿತು. ಆಮೇಲೆ ಅರವತ್ತೂ. ಹಿಂದಿನ ಬೆಂಚಿನಿಂದ ಧನುಶ್ರೀ ತನ್ನ ಪ್ರತಿ ಹಿಡಿದು ಬಂದಳು. ಕ್ವಿಜ್‌ನಲ್ಲಿ ಗೆದ್ದಾಗ ನೀವೇ ಬಹುಮಾನ ಕೊಟ್ಟ ಪ್ರತಿ ಅದು. "ನಾಳೆಯ ಒಳ್ಳೆಯ ನರ್ಸ್‌ಗೆ" ಎಂದು ಬರೆದು, ಸಹಿ ಹಾಕಿ, ತಾರೀಕು ಹಾಕಿದ್ದೀರಿ. ಅದೊಂದು ಪ್ರತಿ ನಿಮ್ಮ ಕೈಗೆ ವಾಪಸ್ಸು ಬಂದಿರಲಿಲ್ಲ. ಅವಳು ನಲವತ್ತೊಂದನೇ ಪುಟ ಓದುವಾಗ ನೀವು ನನ್ನ ಕಡೆ ನೋಡಿದಿರಿ. ಹದಿನೇಳು ವರ್ಷದ ಸಂಸಾರದಲ್ಲಿ ನೀವು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ನನಗೆ ಹಿತವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಹಿತವಾಯಿತು.

ಈಗ ಮುಂದಿನದು. ನರ್ಸಿಂಗ್ ಪರಿಷತ್ತಿಗೆ ದೂರು ನಿನ್ನೆಯೇ ಹೋಗಿದೆ. ಧನುಶ್ರೀಯ ಪ್ರತಿಯ ಪುಟ, ನಿಮ್ಮ ಸಹಿ, ನನ್ನ ಕೆಂಪು ನೀಲಿ ನೋಟ್ಸ್, ಎಲ್ಲದರ ಬಣ್ಣದ ಜೆರಾಕ್ಸು ಜೊತೆಗಿದೆ. ಈ ಸಲ ಬಣ್ಣದ್ದೇ ಮಾಡಿಸಿದೆ. ನೀವು ಅವಳ ಸಸ್ಪೆನ್ಷನ್ ರದ್ದು ಮಾಡಿ, ತಪ್ಪು ಪುಸ್ತಕದ್ದು ಎಂದು ಬರೆದುಕೊಟ್ಟರೆ ಅವಳಿಗೆ ಪರೀಕ್ಷೆಗೆ ಕೂರಲು ಅವಕಾಶ ಸಿಗುತ್ತದೆ. ನಿಮಗೆ ಏನೂ ಸಿಗುವುದಿಲ್ಲ. ಸಂಧಾನಕ್ಕೆಂದು ನಿಮ್ಮ ಅಕ್ಕ ಭಾವನನ್ನು ಕಳಿಸಬೇಡಿ, ಅವರಿಗೆ ಚಹಾ ಮಾಡಿಕೊಡುವಷ್ಟು ಪುರುಸೊತ್ತು ನನಗಿಲ್ಲ.

ಇಷ್ಟನ್ನೂ ನೀಲಿ ಶಾಯಿಯಲ್ಲಿ ಬರೆದ,
ಭಾನುಪ್ರಿಯಾ

ಮ.ಬ: ಮತ್ತೆ ಓದಿ ನೋಡಿದೆ. ಈ ಪತ್ರದ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ, ನಿಮಗೆ ಕಾಣುತ್ತದೆ. "ಮುಂದಿನ ಪುಟ ನಾನು ತಿರುವಲಿಲ್ಲ" ಎಂಬ ಸಾಲು. ತಿರುವಿದ್ದೆ. ಬಿಡುಗಡೆಯ ದಿನ, ಆ ಎರಡನೇ ಸಾಲಿನಲ್ಲಿ ಕೂತೇ ನಲವತ್ತೊಂದನೇ ಪುಟದವರೆಗೆ ಓದಿದ್ದೆ. ತಪ್ಪು ನೋಡಿ ಖುಷಿಪಟ್ಟೆ. ಒಂದು ದಿನ ದೊಡ್ಡ ಸಭೆಯಲ್ಲಿ ನೀವೇ ಅದನ್ನು ಜೋರಾಗಿ ಓದಿ ಬೀಳಲಿ ಎಂದು ಹದಿನಾರು ತಿಂಗಳು ಬಾಯಿ ಮುಚ್ಚಿಕೊಂಡು ಕಾದೆ. "ಅವಳಿಗೂ ಗೊತ್ತಿತ್ತು" ಎಂದು ನೀವು ಎಲ್ಲಿಯೂ ಹೇಳಬೇಕಾಗಿಲ್ಲ, ದೂರಿನಲ್ಲಿ ತಪ್ಪಿತಸ್ಥರ ಎರಡನೇ ಹೆಸರಾಗಿ ನನ್ನದನ್ನೇ ಬರೆದಿದ್ದೇನೆ. ಆ ಮಾತನ್ನೂ ನಿಮಗೆ ಉಳಿಸಿಲ್ಲ. ನಾಳೆ ಬೆಳಗ್ಗೆ ಹುಲ್ಲಹಳ್ಳಿಗೆ ಹೋಗುತ್ತಿದ್ದೇನೆ. ಸಿದ್ದಮಲ್ಲಪ್ಪನವರ ಮನೆಯವರಿಗೆ ಇದನ್ನು ಪತ್ರದಲ್ಲಿ ಬರೆಯಲು ಆಗುವುದಿಲ್ಲ.